ನೋಯ್ತಿದೆ, ನೋಯ್ತಿದೆ

ಕಾಮಿಯೋಕಾ ಅಂದರೆ ಫಿಸಿಕ್ಸ್ ಹುಚ್ಚಿನವರಿಗೆ ನ್ಯೂಟ್ರಿನೋ ನೆನಪಾಗುತ್ತೆ. ಜಪಾನಿನ ಬೆಟ್ಟವೊಂದರ ಒಳಗೆ, ಒಂದು ಕಿಲೋಮೀಟರ್ ಆಳದಲ್ಲಿ, 50 ಸಾವಿರ ಟನ್ ಶುದ್ಧ ನೀರು ತುಂಬಿದ ಟ್ಯಾಂಕ್ ಇದೆ. ಅಲ್ಲಿ ನಡೆದ ಪ್ರಯೋಗಗಳಿಗೆ 2002ರಲ್ಲಿ ಒಂದು, 2015ರಲ್ಲಿ ಇನ್ನೊಂದು ನೊಬೆಲ್ ಬಂತು. ಅಷ್ಟು ಆಳಕ್ಕೆ ಇಳಿಯೋಕೆ ಆಗಿದ್ದು ಅಲ್ಲಿ ಗಣಿ ಇದ್ದದ್ದರಿಂದ. ಮಿತ್ಸುಯಿ ಕಂಪನಿ ಸತು, ಸೀಸ, ಬೆಳ್ಳಿ ತೆಗೆಯುತ್ತಿದ್ದ ಗಣಿ. ಅದರ ಪಕ್ಕದ ನದಿ ಹೊತ್ತುಕೊಂಡು ಹೋದದ್ದರ ಕತೆ ನಮ್ಮಲ್ಲಿ ಕಡಿಮೆ ಜನಕ್ಕೆ ಗೊತ್ತು.

ಜಿನ್‌ಜೂ ನದಿ ಬೆಟ್ಟ ಇಳಿದು ತೊಯಾಮಾ ಬಯಲಿಗೆ ಬರುತ್ತದೆ. ಬಯಲೆಲ್ಲ ಭತ್ತದ ಗದ್ದೆ. ಜನ ಕುಡಿಯುತ್ತಿದ್ದದ್ದೂ ಅದೇ ನೀರು, ಗದ್ದೆಗೆ ಬಿಡುತ್ತಿದ್ದದ್ದೂ ಅದೇ ನೀರು. 1910ರ ದಶಕದ ಹೊತ್ತಿಗೆ ಅಲ್ಲಿನ ಹೆಂಗಸರಿಗೆ ಒಂದು ವಿಚಿತ್ರ ಕಾಯಿಲೆ ಶುರುವಾಯಿತು. ಮೊದಲು ಸೊಂಟ, ತೊಡೆ ನೋವು. ಆಮೇಲೆ ಬಾತುಕೋಳಿ ಥರ ನಡಿಗೆ. ಕೊನೆಗೆ ಕೆಮ್ಮಿದರೆ ಪಕ್ಕೆಲುಬು ಮುರಿಯುತ್ತಿತ್ತು, ಮೈ ಕುಗ್ಗಿ ಎತ್ತರವೇ ಕಡಿಮೆಯಾಗುತ್ತಿತ್ತು. ಹೆಚ್ಚಾಗಿ ನಾಲ್ಕಾರು ಹೆತ್ತು, ಮುಟ್ಟು ನಿಂತ ವಯಸ್ಸಿನವರು. 'ಇತಾಯ್, ಇತಾಯ್' ಅಂತ ನರಳುತ್ತಿದ್ದರು. ನೋಯ್ತಿದೆ, ನೋಯ್ತಿದೆ ಅಂತ. ಕಾಯಿಲೆಗೆ ಆ ನರಳಾಟವೇ ಹೆಸರಾಯಿತು.

1946ರಲ್ಲಿ ಸೈನ್ಯದಿಂದ ವಾಪಸ್ ಬಂದು ಅಪ್ಪನ ಆಸ್ಪತ್ರೆಯಲ್ಲಿ ಕೂತ ಡಾಕ್ಟರ್ ಹಾಗಿನೋ ನೊಬೊರು ಇದನ್ನು ಗಂಭೀರವಾಗಿ ತೆಗೆದುಕೊಂಡರು. ಬಹಳ ಜನ ಇದನ್ನು ಪೌಷ್ಟಿಕಾಂಶದ ಕೊರತೆ, ಅತಿಯಾದ ದುಡಿತ ಅನ್ನುತ್ತಿದ್ದರು. ಹಳ್ಳಿ ಹೆಂಗಸಿನ ನೋವಿಗೆ ಈ ಎರಡು ಕಾರಣ ಯಾವ ದೇಶದಲ್ಲೂ ರೆಡಿಯಾಗಿ ಸಿಗುತ್ತೆ ಬಿಡಿ. ಹಾಗಿನೋ ರೋಗಿಗಳ ಮನೆಗಳನ್ನು ಮ್ಯಾಪಿನ ಮೇಲೆ ಗುರುತು ಹಾಕಿದರು. ಚುಕ್ಕಿಗಳೆಲ್ಲ ಜಿನ್‌ಜೂ ನೀರು ಹರಿಯೋ ಗದ್ದೆ ಬಯಲಲ್ಲೇ ಬಿದ್ದವು. ಪಕ್ಕದಲ್ಲೇ ಬೇರೆ ನದಿಯ ನೀರು ಕುಡಿಯೋ ಊರುಗಳಲ್ಲಿ ಕಾಯಿಲೆ ಇಲ್ಲ. 1957ರಲ್ಲಿ ಅವರು ಗಣಿಯ ಕಡೆ ಬೆರಳು ತೋರಿಸಿದರು. ಊರಿನವರಿಗೂ ಈ ಮಾತು ಹಿಡಿಸಲಿಲ್ಲ. ಇದು ಹರಡಿದರೆ ನಮ್ಮ ಅಕ್ಕಿ ಯಾರು ಕೊಳ್ಳುತ್ತಾರೆ, ನಮ್ಮೂರಿಗೆ ಹೆಣ್ಣು ಯಾರು ಕೊಡುತ್ತಾರೆ ಅನ್ನೋ ಭಯ. ಅದು ದಡ್ಡತನ ಅಂತ ನನಗೆ ಅನ್ನಿಸಿಲ್ಲ. ಮಂಡ್ಯ ಕಡೆಯ ಹಳ್ಳಿಯಲ್ಲಿ ಬೆಳೆದವನಿಗೆ ಆ ಲೆಕ್ಕ ಚೆನ್ನಾಗಿ ಅರ್ಥವಾಗುತ್ತೆ.

ಅಪರಾಧಿ ಕ್ಯಾಡ್ಮಿಯಮ್. ಸತುವಿನ ಅದಿರಲ್ಲಿ ಜೊತೆಗೇ ಇರೋ ಲೋಹ. ಯುದ್ಧಗಳು ಬಂದ ಹಾಗೆ ಸೀಸ, ಸತುವಿಗೆ ಬೇಡಿಕೆ ಏರಿತು. ಅದಿರನ್ನು ಹಿಟ್ಟಿನ ಹಾಗೆ ನುಣ್ಣಗೆ ಅರೆದು ಬೇರ್ಪಡಿಸೋ ವಿಧಾನ ಬಂದಮೇಲೆ ಉಳಿದ ಹಿಟ್ಟು ನದಿ ಸೇರಿ ನಾಲೆಗಳಲ್ಲಿ ಸುಲಭವಾಗಿ ಹರಿಯಿತು. ಇಲ್ಲಿ ಭತ್ತದ ಬೇಸಾಯ ಗೊತ್ತಿರೋರು ಸ್ವಲ್ಪ ಗಮನಿಸಿ. ಗದ್ದೆಯಲ್ಲಿ ನೀರು ನಿಂತಿರೋವರೆಗೆ ಕ್ಯಾಡ್ಮಿಯಮ್ ಗಂಧಕದ ಜೊತೆ ಸೇರಿ ಮಣ್ಣಲ್ಲೇ ಕೂರುತ್ತದೆ. ಕಾಳು ಕಟ್ಟೋ ಹೊತ್ತಿಗೆ ನೀರು ಬಸಿದು ಗದ್ದೆ ಒಣಗಿಸುತ್ತೇವಲ್ಲ, ಆಗ ಮಣ್ಣಿಗೆ ಗಾಳಿ ಆಡಿ ಅದು ಕರಗುತ್ತದೆ, ಬೇರು ಹೀರಿಕೊಂಡು ಕಾಳಿಗೆ ಸಾಗಿಸುತ್ತದೆ. ಆರ್ಸೆನಿಕ್ ಇದಕ್ಕೆ ಪೂರಾ ಉಲ್ಟಾ, ನೀರು ನಿಂತಾಗಲೇ ಬಿಡುಗಡೆಯಾಗುತ್ತೆ. ಅನ್ನ ನೋಡೋಕೆ ಬೆಳ್ಳಗೆ, ರುಚಿಯಲ್ಲಿ ಎಳ್ಳಷ್ಟೂ ವ್ಯತ್ಯಾಸ ಇಲ್ಲ. ಮೈಯೊಳಗೆ ಹೋದ ಕ್ಯಾಡ್ಮಿಯಮ್ಮಿನ ಅರ್ಧ ಭಾಗ ಹೊರಗೆ ಹೋಗೋಕೇ ಹತ್ತು ವರ್ಷಕ್ಕೂ ಹೆಚ್ಚು ಬೇಕು. ಅದು ಮೂತ್ರಪಿಂಡವನ್ನು ಕೆಡಿಸುತ್ತದೆ, ಕೆಟ್ಟ ಮೂತ್ರಪಿಂಡ ಮೂಳೆಗೆ ಬೇಕಾದ ರಂಜಕ, ಕ್ಯಾಲ್ಸಿಯಂ ಎಲ್ಲ ಸೋರಿಸಿಬಿಡುತ್ತದೆ.

1968ರ ಮೇ ತಿಂಗಳಲ್ಲಿ ಜಪಾನ್ ಸರ್ಕಾರ ಇದನ್ನು ಮಾಲಿನ್ಯದಿಂದ ಬಂದ ಕಾಯಿಲೆ ಅಂತ ಒಪ್ಪಿಕೊಂಡಿತು. ಆ ದೇಶದಲ್ಲಿ ಹಾಗೆ ಒಪ್ಪಿಕೊಂಡ ಮೊದಲ ಕಾಯಿಲೆ ಇದು. ಅಷ್ಟರಲ್ಲಿ ಊರಿನವರು ಕೋರ್ಟಿಗೆ ಹೋಗಿಯಾಗಿತ್ತು. ಎಷ್ಟು ಕ್ಯಾಡ್ಮಿಯಮ್, ದೇಹದೊಳಗೆ ಹೇಗೆ ಕೆಲಸ ಮಾಡಿತು, ಪ್ರತಿಯೊಂದನ್ನೂ ಸಾಬೀತು ಮಾಡಿ ಅಂತ ಕಂಪನಿ ಹಟ ಹಿಡಿಯಿತು. ಯಾವ ಊರಲ್ಲಿ ಕಾಯಿಲೆ ಇದೆ, ಯಾವ ಊರಲ್ಲಿ ಇಲ್ಲ ಅನ್ನೋ ಸಾಕ್ಷ್ಯವನ್ನೇ ಕೋರ್ಟ್ ಎತ್ತಿಹಿಡಿಯಿತು. ಅಂದರೆ ಆ ಮ್ಯಾಪೇ ಗೆದ್ದಿತು. 1971ರಲ್ಲಿ ಒಂದು ತೀರ್ಪು, 1972ರ ಆಗಸ್ಟಿನಲ್ಲಿ ಮೇಲಿನ ಕೋರ್ಟಿನಲ್ಲೂ ಅದೇ ತೀರ್ಪು.

ನಮ್ಮ ಕಡೆಯ ಲೆಕ್ಕ ಬೇರೆ. ವಾತಾವರಣದಲ್ಲಿ ಹುಟ್ಟೋ ನ್ಯೂಟ್ರಿನೋ ಮೊದಲು ಸಿಕ್ಕವರಲ್ಲಿ ನಮ್ಮ ಕೆಜಿಎಫ್ ಗಣಿಯೊಳಗೆ ಕೆಲಸ ಮಾಡಿದ ವಿಜ್ಞಾನಿಗಳೂ ಇದ್ದರು, 1965ರಲ್ಲಿ. ಕೆಜಿಎಫ್ ಮುಚ್ಚಿದ್ದು 2001ರಲ್ಲಿ, ಕಾಮಿಯೋಕಾದಲ್ಲಿ ಅದಿರು ತೆಗೆಯೋದು ನಿಂತದ್ದೂ ಅದೇ ವರ್ಷ. ಹೋಲಿಕೆ ಅಲ್ಲಿಗೆ ಮುಗಿಯಿತು. ಕೆಜಿಎಫ್‌ನ ಸೈನೈಡ್ ದಿಬ್ಬಗಳ ಧೂಳು ಗಾಳಿ ಎದ್ದರೆ ಇವತ್ತಿಗೂ ಮನೆಗಳಿಗೆ ನುಗ್ಗುತ್ತದೆ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ, ಹಳೇ ಮಂಗಳೂರು ಚಿನ್ನದ ಗಣಿಯ ಆಸುಪಾಸಿನಲ್ಲಿ, ಕುಡಿಯೋ ನೀರಲ್ಲೇ ಆರ್ಸೆನಿಕ್ ಸಿಕ್ಕಿತು. ಅಂಗೈ, ಅಂಗಾಲು ಗಂಟುಗಂಟಾದವರು ಕೂಲಿ ಮಾಡಿ ಬದುಕೋ ಲಂಬಾಣಿ ಜನ. ಅವರ ಊರಿನ ಹೆಸರು ಬೆಂಗಳೂರಲ್ಲಿ ಎಷ್ಟು ಜನ ಕೇಳಿದ್ದೇವೆ?

ತೊಯಾಮಾದವರು ಗೆದ್ದ ಮಾರನೇ ದಿನ ಟೋಕಿಯೋದ ಮಿತ್ಸುಯಿ ಆಫೀಸಿಗೆ ಹೋಗಿ ಕೂತರು. ಪರಿಹಾರದ ಜೊತೆ ಇನ್ನೂ ಎರಡು ವಿಷಯಕ್ಕೆ ಕಂಪನಿಯಿಂದ ಸಹಿ ಹಾಕಿಸಿಕೊಂಡರು. ಒಂದು, ಕೆಟ್ಟ ಮಣ್ಣನ್ನು ಸರಿ ಮಾಡೋದು. ಕೆಟ್ಟ ಮಣ್ಣನ್ನು ಅಡಿಗೆ ಹಾಕಿ, ಮೇಲೆ ಒಳ್ಳೇ ಮಣ್ಣು ಹೊದಿಸುತ್ತಾ ಸುಮಾರು 860 ಹೆಕ್ಟೇರ್ ಮುಗಿಸೋ ಹೊತ್ತಿಗೆ 2012 ಬಂದಿತ್ತು. ಇನ್ನೊಂದು, ಯಾವಾಗ ಬೇಕಾದರೂ ತಮಗೆ ಬೇಕಾದ ತಜ್ಞರನ್ನು ಕರೆದುಕೊಂಡು ಕಾರ್ಖಾನೆಯೊಳಗೆ ಹೋಗಿ ತಪಾಸಣೆ ಮಾಡೋ ಹಕ್ಕು. ಖರ್ಚು ಕಂಪನಿಯದು, ಕೇಳಿದ ದಾಖಲೆ ಕೊಡಲೇಬೇಕು. ನನ್ನ ಮಟ್ಟಿಗೆ ದುಡ್ಡಿಗಿಂತ ಇದೇ ದೊಡ್ಡ ಗೆಲುವು. ಅದೇ ವರ್ಷದಿಂದ ಬಯಲಿನ ರೈತರು ವಕೀಲರು, ವಿಜ್ಞಾನಿಗಳ ಜೊತೆ ಪ್ರತಿವರ್ಷ ಬೆಟ್ಟ ಹತ್ತಿ ಗಣಿಯ ಚರಂಡಿ, ತ್ಯಾಜ್ಯದ ಗುಡ್ಡೆ ನೋಡಿ ಬರುತ್ತಿದ್ದಾರೆ. ನದಿ ನೀರಿನ ಕ್ಯಾಡ್ಮಿಯಮ್ ಈಗ ಸಹಜ ಮಟ್ಟದ ಹತ್ತಿರಕ್ಕೆ ಇಳಿದಿದೆ. ಗಣಿ ನಿಂತಮೇಲೂ ಅವರು ಹೋಗೋದು ನಿಲ್ಲಿಸಿಲ್ಲ.