ಪೆಟ್ಟಿಗೆ ಇತ್ತು, ಸಿಗ್ನಲ್ ಇಲ್ಲ

ಆಲ್ದೂರಿನಿಂದ ಸೋದರಮಾವ ಫೋನ್ ಮಾಡಿದ್ರು. "ಏನಪ್ಪಾ, ದಿನಾ ಟಿವೀಲಿ ಕೂತು ಊರಿಗೆಲ್ಲ ಬುದ್ಧಿ ಹೇಳ್ತೀಯ. ನಮ್ಮನೆಗೆ ಯಾವ ಸ್ಮಾರ್ಟ್ ಟಿವಿ ತಗೋಬೇಕು, ಅದನ್ನ ಹೇಳು." ಎಂಜಿನಿಯರಿಂಗ್ ಓದಿದ ತಪ್ಪಿಗೆ ಉತ್ತರ ಕೊಡಲೇಬೇಕು.

ವೀಕ್ಷಕರೇ, ನಮ್ಮ ಹಳ್ಳಿಗೆ ಟಿವಿ ಮೊದಲು ಬಂದಾಗ ಆಯ್ಕೆಯ ಮಾತೇ ಇರಲಿಲ್ಲ. 1975ರ ಆಗಸ್ಟ್ 1ರಂದು ಸೈಟ್ ಪ್ರಯೋಗ ಶುರುವಾಯ್ತು. ಅಮೆರಿಕದ ಎಟಿಎಸ್-6 ಉಪಗ್ರಹ, ಇಲ್ಲಿ ಇಸ್ರೋ, ಆರು ರಾಜ್ಯಗಳ ಸುಮಾರು 2,400 ಹಳ್ಳಿ. ನಮ್ಮಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳು. ಊರಿಗೊಂದೇ ಸೆಟ್, ಜೊತೆಗೆ ತಂತಿಬಲೆಯ ಡಿಶ್. ಬೇಸಾಯ, ಆರೋಗ್ಯದ ಕಾರ್ಯಕ್ರಮವನ್ನ ಊರೇ ಕೂತು ನೋಡ್ತಿತ್ತು. 1976ರ ಜುಲೈಗೆ ಪ್ರಯೋಗ ಮುಗೀತು. ಉಪಗ್ರಹ ಹೋಯ್ತು, ಅದರ ಚಿತ್ರವೂ ಹೋಯ್ತು. ಬೆಂಗಳೂರಿಗೆ ದೂರದರ್ಶನ ಬಂದಿದ್ದು 1981ರ ನವೆಂಬರ್‌ನಲ್ಲಿ.

ಮಾವನಿಗೆ ಹೇಳಿದ್ದೂ ಇದೇ ಕಥೆ. ಇಂಚು, ಫೋರ್‌ಕೆ ಎಲ್ಲ ಆಮೇಲೆ. ಮೊದಲು ಮನೆಗೆ ಇಂಟರ್ನೆಟ್ ಹೇಗೆ ಬರುತ್ತೆ ನೋಡಿ. ಆಷಾಢದ ಮಳೇಲಿ ಮರ ಬಿದ್ದು ಕೇಬಲ್ ಹರಿದ್ರೆ ಸ್ಮಾರ್ಟ್ ಟಿವಿಯ ಬುದ್ಧಿಯೆಲ್ಲ ಖಾಲಿ. ಹಳೇ ಡಿಶ್ ಬಿಚ್ಚಬೇಡಿ. ಸಾಫ್ಟ್‌ವೇರ್ ಅಪ್‌ಡೇಟ್ ಎಷ್ಟು ವರ್ಷ ಕೊಡ್ತಾರೆ ಅಂತ ಅಂಗಡೀಲಿ ಕೇಳಿ. ಗುಡುಗು ಶುರುವಾಗೋ ಮುಂಚೆಯೇ ಪ್ಲಗ್ ಕಿತ್ತಿಡಿ, ಡಿಶ್ ವೈರೂ ಸೇರಿ. ಇನ್ನೊಂದು: ನೀವು ನೋಡೋದನ್ನ ಈಗಿನ ಟಿವಿಗಳೂ ನೋಡ್ತಿರ್ತವೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನ ಆಫ್ ಮಾಡಿ.

ಎಲ್ಲ ಕೇಳಿದ ಮಾವ ಅಂದ್ರು: "ಅದೆಲ್ಲ ಸರಿ ಮಾರಾಯ. ವಾಲ್ಯೂಮ್ ಕಮ್ಮಿ ಮಾಡೋ ಬಟನ್ ದೊಡ್ಡದಿರುತ್ತಾ? ನೀನು ಬರೋ ಹೊತ್ತಿಗೆ ಬೇಕಾಗ್ತದೆ."