ಕತ್ತಿಗೆ ಬಾಯಿ, ಬಾಯಿಗೆ ಹದ: ಕಾಫಿ ಸೀಮೆಯ ಕುಲುಮೆ ಮತ್ತು ಅದರ ನೆನಪು

ಹಳ್ಳಿಯ ಕುಲುಮೆ ಆರಿದ್ದು ಹೇಗೆಂದು ಕೇಳಿದರೆ ಸಿದ್ಧ ಉತ್ತರವೊಂದಿದೆ: ಕಾರ್ಖಾನೆಯ ಸಾಮಾನು ಸಂತೆಗೆ ಬಂತು, ಕಮ್ಮಾರ ಮೂಲೆಗೆ ಸರಿದ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಗುಡ್ಡಗಳಿಗೆ ಇದನ್ನು ಹಾಗೇ ಹೊಂದಿಸಿದರೆ ಲೆಕ್ಕ ತಪ್ಪುತ್ತದೆ. ಇಲ್ಲಿ ಕುಲುಮೆಗೆ ಎರಡು ಆಯುಷ್ಯ: ಒಂದು ಗದ್ದೆಯದು, ಇನ್ನೊಂದು ತೋಟದ್ದು. ಹಿರಿಯರ ಮಾತಿನಲ್ಲಿ ಎರಡೂ ಬೆರೆತುಹೋಗಿರುವುದರಿಂದ ಮೊದಲು ಅವನ್ನು ಬಿಡಿಸಿ ನೋಡಬೇಕು.

ಗದ್ದೆಯ ಕುಲುಮೆ ನಿಂತಿದ್ದದ್ದು ಆಯದ ಮೇಲೆ. ವರ್ಷವಿಡೀ ನೇಗಿಲ ಗುಳ ತಟ್ಟಿ, ಕುಡುಗೋಲಿಗೆ ಕಕ್ಕು ಹಾಕಿ, ಗಾಡಿಯ ಚಕ್ರಕ್ಕೆ ಪಟ್ಟಿ ಕೂರಿಸಿಕೊಟ್ಟ ಆಚಾರಿಗೆ ಸುಗ್ಗಿಯಲ್ಲಿ ಕಣದಿಂದಲೇ ಭತ್ತ ಹೋಗುತ್ತಿತ್ತು. ಅದು ಕೆಲಸಕ್ಕೆ ತಕ್ಕ ಕೂಲಿಯಲ್ಲ, ಒಕ್ಕಲಿಗೆ ಇಷ್ಟೆಂದು ನಿಂತ ಪಾಲು. ಈ ಕಾಲದ ನೆನಪಿನಲ್ಲಿ ರೂಪಾಯಿ ಸುಳಿಯುವುದು ಅಪರೂಪ. ಯಾವ ಮಳೆ ಹಿಡಿಯುವ ಮುಂಚೆ ಗುಳ ತಟ್ಟಿಸಬೇಕಿತ್ತು ಎಂಬುದೇ ಮುಖ್ಯ. ತೋಟದ ನೆನಪು ಹಾಗಲ್ಲ. ಅಲ್ಲಿ ಮಾತು ಶುರುವಾಗುವುದೇ ಕತ್ತಿಯ ಬೆಲೆಯಿಂದ, ಸಾಹುಕಾರರ ಲೆಕ್ಕದ ಪುಸ್ತಕದಿಂದ.

ಬಾಬಾಬುಡನ್ ಗಿರಿಯಲ್ಲಿ ಕಾಫಿ ಹಳೆಯದೇ. ಆದರೆ ದೊಡ್ಡ ತೋಟಗಳು ಎದ್ದದ್ದು 19ನೇ ಶತಮಾನದಲ್ಲಿ. ಗಿಡ ನಿಂತ ಇಳಿಜಾರಿನಲ್ಲಿ ನೇಗಿಲು ನಡೆಯುವುದಿಲ್ಲ. ಅಗತೆಯಿಂದ ಹಿಡಿದು ಎಲ್ಲವೂ ಕೈಕೆಲಸ. ಗಿಡ ಕಸಿಗೆ ಒಂದು ಕತ್ತಿ, ಮರಗಸಿಗೆ ಒಂದು, ಕಳೆ ಹೊಡೆಯಲು ಮತ್ತೊಂದು. ಮರಗಸಿಯವನು ಕತ್ತಿಯನ್ನು ಸೊಂಟದ ಕೊಕ್ಕೆಗೆ ಸಿಕ್ಕಿಸಿಕೊಂಡು ಹತ್ತುತ್ತಾನೆ, ಒಂದು ಕೈಯಲ್ಲಿ ಕೊಂಬೆ ಹಿಡಿದು ಇನ್ನೊಂದರಲ್ಲಿ ಬೀಸುತ್ತಾನೆ. ಕತ್ತಿ ಭಾರವಾದರೆ ತೋಳು ಸೋಲುತ್ತದೆ, ಹಗುರಾದರೆ ಪೆಟ್ಟು ಕಚ್ಚುವುದಿಲ್ಲ. ಅಂಗಡಿಯ ಕತ್ತಿಗೆ ಎಲ್ಲರ ಕೈಯೂ ಒಂದೇ, ಆಚಾರಿಗೆ ಹಾಗಲ್ಲ. ಕಾರ್ಖಾನೆಯ ಸರಕು ಬಂದ ಮೇಲೂ ಕಾಫಿ ಸೀಮೆಯ ಕುಲುಮೆ ಬಹಳ ಕಾಲ ಉರಿದದ್ದಕ್ಕೆ ಇದೇ ಕಾರಣವೆಂಬುದು ನನ್ನ ಅಭಿಪ್ರಾಯ.

ಪದದ ತೊಡಕೂ ಒಂದಿದೆ. ಘಟ್ಟದ ಕೆಳಗಿನಿಂದ ಬಂದ ಆಳಿಗೆ ಹಾರೆ ಎಂದರೆ ಮಣ್ಣೆಳೆಯುವ ಗುದ್ದಲಿ. ಬಯಲುಸೀಮೆಯವನಿಗೆ ಅದು ಕಲ್ಲು ಮೀಟುವ ಗಡಾರಿ. ಎರಡೂ ಕಡೆಯವರು ಸೇರುವ ತೋಟದಲ್ಲಿ ಹಾರೆ ಬೇಕೆಂದವನಿಗೆ ಯಾವ ಸೀಮೆಯ ಹಾರೆಯೆಂದು ಕೇಳದೆ ವಿಧಿಯಿಲ್ಲ. ನೆನಪುಗಳನ್ನು ಬರೆದುಕೊಳ್ಳುವ ಸಂಶೋಧಕ ಎಡವುವುದೂ ಇಲ್ಲೇ.

ಇನ್ನು ಕಬ್ಬಿಣದ ಮಾತು. 1947ರವರೆಗೆ ಕಡೂರು ಜಿಲ್ಲೆ ಎನಿಸಿದ್ದ ಈ ಪ್ರದೇಶ ಅದಿರಿನ ಮೇಲೇ ಕೂತಿದೆ. 1918ರಲ್ಲಿ ಆರಂಭವಾಗಿ 1923ರಲ್ಲಿ ಕಬ್ಬಿಣ ಇಳಿಸತೊಡಗಿದ ಭದ್ರಾವತಿ ಕಾರ್ಖಾನೆಗೆ ಅದಿರು ಹೋದದ್ದು ಕೆಮ್ಮಣ್ಣುಗುಂಡಿಯಿಂದ. ಅಲ್ಲಿನ ಊದುಕುಲುಮೆಗೂ ಮೊದಮೊದಲು ಉರುವಲು ಮಲೆನಾಡಿನ ಇದ್ದಿಲೇ. ಕಳಸದ ಮಗ್ಗುಲಿನ ಕುದುರೆಮುಖದ ಅದಿರನ್ನು ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ 1913ರಲ್ಲೇ ಗುರುತಿಸಿದ್ದರು. 1976ರಲ್ಲಿ ಅಲ್ಲಿ ಕಂಪನಿ ಹುಟ್ಟಿತು. ಅದಿರಿನ ಪುಡಿ ನೀರಿನಲ್ಲಿ ಕಲಸಿಕೊಂಡು ಸುಮಾರು 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಇಳಿಯಿತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಇಷ್ಟು ವರ್ಷ ಅದಿರು ಹೊರಗೆ ಹೋಗುತ್ತಿದ್ದಾಗ ಊರ ಆಚಾರಿ ಕತ್ತಿ ಬಡಿಯುತ್ತಿದ್ದದ್ದು ಹಳೇ ಲಾರಿಯ ಸ್ಪ್ರಿಂಗ್ ಪ್ಲೇಟಿನಲ್ಲಿ! ಅದು ಬಡತನದ ಆಯ್ಕೆಯಷ್ಟೇ ಅಲ್ಲ. ಆ ಪಟ್ಟಿಯ ಉಕ್ಕಿನಲ್ಲಿ ಶೇಕಡ 0.5ರಿಂದ 0.6ರಷ್ಟು ಇಂಗಾಲವಿರುತ್ತದೆ, ಹದ ಹಿಡಿಯಲು ಅಷ್ಟು ಬೇಕು. ಮೆದು ಕಬ್ಬಿಣದ ಕತ್ತಿಗೆ ಬೇರೆ ಉಕ್ಕು ತಂದು ಬಾಯಿಗೆ ಬೆಸೆಯುವ ಹಳೆಯ ಶ್ರಮವೂ ಇದರಿಂದ ಉಳಿಯಿತು.

ಕುಲುಮೆ ಸದಾ ಕತ್ತಲು ಎಂದು ನೆನೆಯುವವರು ಅದನ್ನು ಬಡಕಲು ಗುಡಿಸಲಿನ ಲಕ್ಷಣವೆಂದುಕೊಂಡಿರುತ್ತಾರೆ. ಕತ್ತಲು ಬೇಕಿತ್ತು. ಕಾದ ಉಕ್ಕಿನ ಕೆಂಪು ಎಷ್ಟೆಂದು ಬಿಸಿಲಿನಲ್ಲಿ ತಿಳಿಯದು. ಬಾಯಿಯನ್ನು ಕೆಂಪಗೆ ಕಾಯಿಸಿ ನೀರಿಗದ್ದಿದರೆ ಅದು ಗಡುಸಾಗುತ್ತದೆ, ಆದರೆ ಗಾಜಿನಂತೆ ಚಕ್ಕೆ ಏಳುತ್ತದೆ. ಆಮೇಲೆ ಉಜ್ಜಿ ಹೊಳಪು ತಂದು, ಮೆಲ್ಲಗೆ ಮತ್ತೆ ಕಾವು ಕೊಟ್ಟರೆ ಬಣ್ಣ ಓಡುತ್ತದೆ: ಸುಮಾರು 230 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಹುಲ್ಲಿನ ಹಳದಿ, ಕಂದು ನೇರಳೆ ದಾಟಿ 300ರ ಹೊತ್ತಿಗೆ ನೀಲಿ. ಎಲ್ಲಿ ತಡೆಯಬೇಕೆಂಬ ಕಣ್ಣಳತೆಗೇ ಹದ ಎಂದು ಹೆಸರು. ಮಳೆ ಕುಡಿದ ಮಣ್ಣಿಗೂ, ಪಾಕಕ್ಕೂ, ಕಾಫಿ ಬೀಜ ಹುರಿಯುವುದಕ್ಕೂ ನಮ್ಮಲ್ಲಿ ಇದೇ ಮಾತು. ಕಮ್ಮಾರನ ಹೆಸರು ಮರೆತ ಮನೆಗಳಲ್ಲೂ ಅವನ ಹದ ನೆನಪಿರುವುದು ಅದಕ್ಕೇ ಇರಬೇಕು.

ಕಬ್ಬಿಣದ ಅಂಗಡಿಯಲ್ಲಿ ನೊಣಕ್ಕೇನು ಕೆಲಸ ಎನ್ನುತ್ತದೆ ಗಾದೆ. ಮಲೆನಾಡಿನ ಮಳೆಗಾಲ ಗಾದೆಯನ್ನು ಸುಳ್ಳು ಮಾಡುತ್ತಿತ್ತು. ಕಂಬಳಿಕೊಪ್ಪೆ ಸೂಡಿಕೊಂಡು ಬಂದವರಿಗೆ ಬೆಚ್ಚಗೆ ಕೂರಲು ಕುಲುಮೆಗಿಂತ ಒಳ್ಳೆಯ ಜಾಗವಿರಲಿಲ್ಲ; ಕತ್ತಿಯೊಂದು ನೆಪ. ಆದರೆ ಈ ಬೆಚ್ಚನೆಯ ನೆನಪು ಯಾರದು ಎಂದು ಕೇಳಲೇಬೇಕು. ಜಮೀನಿದ್ದವರ ಮಕ್ಕಳು ಹೇಳುವುದು ಕಿಡಿ ಹಾರುವ ಚೆಂದ. ಲೈನ್ ಮನೆಯ ಆಳಿಗೆ ಅದು ಮೊಂಡು ಕತ್ತಿಯಿಂದಾಗಿ ಕಳೆದ ಅರ್ಧ ದಿನ. ಆಚಾರಿ ಮನೆಯ ಹೆಂಗಸಿಗೆ ತಿದಿ ಎಳೆದ ತೋಳಿನ ನೋವು. ಸುತ್ತಿಗೆ ಹಿಡಿದವನನ್ನು ನೆನೆಯುವ ಊರು ತಿದಿ ಎಳೆದವಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕೋವಿ ರಿಪೇರಿಯ ಮಾತೆತ್ತಿದರೆ ದನಿ ಇಳಿಯುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅದಕ್ಕೂ ಲೈಸೆನ್ಸ್ ಬೇಕು, ಹಾಗಾಗಿ ಆ ನೆನಪು ಯಾವಾಗಲೂ ಪಕ್ಕದೂರಿನದು.

ತಿದಿಯ ಜಾಗಕ್ಕೆ ಕೈಯಿಂದ ತಿರುಗಿಸುವ ಫ್ಯಾನು ಬಂತು, ಆಮೇಲೆ ಕರೆಂಟಿನದು. ಕುಲುಮೆಯ ಎರಡನೆಯ ಆಯುಷ್ಯಕ್ಕೆ ಪೆಟ್ಟು ಬಿದ್ದದ್ದು ಕಳೆ ಹೊಡೆಯುವ ಮಿಷನ್ ಮತ್ತು ಮರ ಕೊಯ್ಯುವ ಗರಗಸದ ಮಿಷನ್‌ಗಳಿಂದ. ಆಯುಧಪೂಜೆಯ ದಿನ ಅವಕ್ಕೂ ಕುಂಕುಮ ಹಚ್ಚುತ್ತಾರೆ. ಪಕ್ಕದಲ್ಲಿ ಬಾಯಿ ಸವೆದ ಹಳೇ ಕತ್ತಿಗಳೂ ಇರುತ್ತವೆ. ಅವುಗಳ ತೂಕ, ಬಾಗು, ಹಿಡಿಯ ಮರವನ್ನು ಒಂದೊಂದಾಗಿ ಬರೆದಿಟ್ಟುಕೊಳ್ಳುವ ಕೆಲಸ ಅವು ಗುಜರಿಯವನ ಚೀಲ ಸೇರುವ ಮೊದಲು ಆಗಬೇಕಿದೆ.