ಯೆಜ್ಡಿಗೆ ಹೊಸ ಕಾರ್ಬುರೇಟರ್: ಹೊಂದಾಣಿಕೆ ಹೇಗೆ?

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಬೈಕುಗಳು ಹುಬ್ಬಳ್ಳಿ-ಧಾರವಾಡದ ರಸ್ತೆಗಳಿಂದ ಇನ್ನೂ ಮರೆಯಾಗಿಲ್ಲ. ಇವುಗಳ ಮೂಲ ಕಾರ್ಬುರೇಟರ್ ಜೆಕ್ ಮೂಲದ ಜಿಕೊವ್ ಮಾದರಿಯದು. ದಶಕಗಳ ಬಳಕೆಯಿಂದ ಅದರ ಸ್ಲೈಡ್ ಸವೆದಾಗ ಎಂಜಿನ್ ನಿಂತಲ್ಲಿ ಸ್ಥಿರವಾಗಿ ಓಡದು. ಆಗ ಅನೇಕರು ಮಿಕುನಿ ಮಾದರಿಯ ಕಾರ್ಬುರೇಟರ್ ಜೋಡಿಸುತ್ತಾರೆ. ಆದರೆ ಜೋಡಣೆಯೊಂದೇ ಸಾಲದು, ಹೊಂದಾಣಿಕೆಯೂ ಅಗತ್ಯ.

ಅಪಾಯವೇನು?

ಟು-ಸ್ಟ್ರೋಕ್ ಎಂಜಿನ್ನಿಗೆ ಇಂಧನದೊಂದಿಗೇ ಆಯಿಲ್ ಹೋಗುತ್ತದೆ. ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾದರೆ ಶಾಖ ಏರುತ್ತದೆ, ಆಯಿಲ್ ಸಹ ಕಡಿಮೆಯಾಗುತ್ತದೆ. ಪರಿಣಾಮವಾಗಿ ಓಟದಲ್ಲೇ ಪಿಸ್ಟನ್ ಹಿಡಿದು ಹಿಂದಿನ ಚಕ್ರ ಜಾಮ್ ಆಗಬಹುದು. ಇದು ಸವಾರನ ಜೀವಕ್ಕೇ ಕುತ್ತು.

ಹೊಂದಾಣಿಕೆಯ ಕ್ರಮ

* ಮೊದಲು ಎಂಜಿನ್-ಕಾರ್ಬುರೇಟರ್ ಸಂಧಿಯಲ್ಲಿ ಗಾಳಿ ಸೋರಿಕೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಏರ್ ಫಿಲ್ಟರ್ ಸ್ವಚ್ಛವಾಗಿರಬೇಕು.

* ಎಂಜಿನ್ ಬಿಸಿಯಾದ ಬಳಿಕ ಏರ್ ಸ್ಕ್ರೂವನ್ನು ಮೃದುವಾಗಿ ಪೂರ್ಣ ಮುಚ್ಚಿ, ಒಂದೂವರೆ ಸುತ್ತು ತೆರೆಯಬೇಕು. ಎಂಜಿನ್ ಅತಿ ವೇಗವಾಗಿ, ಸಮನಾಗಿ ಓಡುವ ಬಿಂದುವೇ ಸರಿಯಾದ ಸ್ಥಾನ. ಅದು ಅರ್ಧ ಸುತ್ತಿಗಿಂತ ಕಡಿಮೆಯಿದ್ದರೆ ದೊಡ್ಡ ಪೈಲಟ್ ಜೆಟ್ ಬೇಕು.

* ಕಾಲು ಭಾಗದಿಂದ ಮುಕ್ಕಾಲು ಭಾಗದ ಥ್ರಾಟಲ್‌ನಲ್ಲಿ ಸೂಜಿಯ ಪಾತ್ರ ದೊಡ್ಡದು. ಕ್ಲಿಪ್ ಕೆಳಗಿಳಿಸಿದರೆ ಸೂಜಿ ಮೇಲೇರಿ ಪೆಟ್ರೋಲ್ ಹೆಚ್ಚುತ್ತದೆ.

* ಪೂರ್ಣ ಥ್ರಾಟಲ್‌ಗೆ ಮೇನ್ ಜೆಟ್. ದೊಡ್ಡ ಜೆಟ್‌ನಿಂದ ಆರಂಭಿಸಿ ಹಂತಹಂತವಾಗಿ ಕಿರಿದಾಗಿಸುವುದು ಸುರಕ್ಷಿತ.

* ಸ್ಪಾರ್ಕ್ ಪ್ಲಗ್ ಕಾಫಿಪುಡಿ ಬಣ್ಣಕ್ಕಿದ್ದರೆ ಹೊಂದಾಣಿಕೆ ಸರಿ. ಕಪ್ಪು ಮಸಿ ಕಟ್ಟಿದ್ದರೆ ಪೆಟ್ರೋಲ್ ಹೆಚ್ಚು. ಬಿಳುಪೇರಿದ್ದರೆ ಕಡಿಮೆ, ಅಪಾಯದ ಸೂಚನೆ.

ಘಟ್ಟ ಇಳಿಯುವ ಮುನ್ನ

ಹುಬ್ಬಳ್ಳಿ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಅಂಕೋಲಾ, ಕಾರವಾರ ತಲುಪಿದರೆ ಗಾಳಿ ದಟ್ಟವಾಗುತ್ತದೆ. ಇಲ್ಲಿ ಪೆಟ್ರೋಲ್ ಅತಿ ಮಿತಗೊಳಿಸಿ ಕೂರಿಸಿದ ಜೆಟ್ ಅಲ್ಲಿ ಸಾಲದಾಗಬಹುದು. ಆದ್ದರಿಂದ ಕರಾವಳಿಗೆ ಹೋಗುವವರು ಮೇನ್ ಜೆಟ್ ತುಸು ದೊಡ್ಡದನ್ನೇ ಉಳಿಸಿಕೊಳ್ಳುವುದು ಲೇಸು. ಇಳಿಜಾರಿನಲ್ಲಿ ಥ್ರಾಟಲ್ ಬಹುಕಾಲ ಮುಚ್ಚಿಡಬಾರದು. ಪೆಟ್ರೋಲಿನಲ್ಲೇ ಆಯಿಲ್ ಬೆರೆಸುವ ಎಂಜಿನ್ನಿಗೆ ಆಗ ಆಯಿಲ್ಲೂ ತಲುಪದು. ಕ್ಲಚ್ ಹಿಡಿದು ಆಗಾಗ ಥ್ರಾಟಲ್ ತಿರುಗಿಸಬೇಕು.

ಎಥನಾಲ್ ಮಿಶ್ರಣ

ದೇಶದ ಬಂಕುಗಳಲ್ಲಿ 2025ರಿಂದ ಶೇ 20 ಎಥನಾಲ್ ಬೆರೆತ ಪೆಟ್ರೋಲ್ ವ್ಯಾಪಕವಾಗಿದೆ. ಎಥನಾಲ್‌ನಲ್ಲಿ ಆಮ್ಲಜನಕವಿರುವುದರಿಂದ ಅದೇ ಜೆಟ್‌ನಲ್ಲಿ ಮಿಶ್ರಣ ತೆಳುವಾಗುತ್ತದೆ. ಶುದ್ಧ ಪೆಟ್ರೋಲಿನ ಒಂದು ಭಾಗಕ್ಕೆ 14.7 ಭಾಗ ಗಾಳಿ ಬೇಕಾದರೆ, ಇದಕ್ಕೆ ಸುಮಾರು 13.5 ಭಾಗ ಸಾಕು. ಹಳೆಯ ರಬ್ಬರ್ ಕೊಳವೆ, ವಾಷರ್‌ಗಳೂ ಹಾಳಾಗಬಹುದು. ಹಳೆಯ ಜೆಟ್ ಅಳತೆಯನ್ನೇ ನೆಚ್ಚದೆ, ಪ್ಲಗ್‌ನ ಬಣ್ಣವನ್ನು ಮತ್ತೊಮ್ಮೆ ಪರೀಕ್ಷಿಸಿಯೇ ದೂರ ಪ್ರಯಾಣಕ್ಕೆ ಹೊರಡುವುದು ಕ್ಷೇಮಕರ.